ಸೊಂಟದ ಕೀಲು ಬದಲಾವಣೆ: ಕೋನ ಅಳೆಯುವ ನ್ಯಾವಿಗೇಷನ್

ಸವೆದ ಸೊಂಟದ ಕೀಲಿನ ಜಾಗದಲ್ಲಿ ಕೃತಕ ಕೀಲನ್ನು ಕರಾರುವಾಕ್ಕಾಗಿ ಕೂರಿಸಲು ಶಸ್ತ್ರವೈದ್ಯರಿಗೆ ಕಂಪ್ಯೂಟರ್ ದಾರಿ ತೋರುವ ವಿಧಾನವೇ ನ್ಯಾವಿಗೇಷನ್. ಆಧುನಿಕ ಕೀಲು ಬದಲಾವಣೆಗೆ 1960ರ ದಶಕದ ಆರಂಭದಲ್ಲಿ ಬುನಾದಿ ಹಾಕಿದವರು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಆದರೆ ಕೀಲಿನ ಬಟ್ಟಲನ್ನು ಎಷ್ಟು ಓರೆಯಾಗಿ ಕೂರಿಸಬೇಕೆಂಬುದು ಬಹುಕಾಲ ವೈದ್ಯರ ಕಣ್ಣಳತೆಗೇ ಬಿಟ್ಟ ವಿಷಯವಾಗಿತ್ತು.

ಕೋನವೇಕೆ ಮುಖ್ಯ?
ಓರೆ ತಪ್ಪಿದರೆ ತೊಡೆಯೆಲುಬಿನ ಚೆಂಡು ಬಟ್ಟಲಿನಿಂದ ಜಾರಬಹುದು, ಕೀಲು ಬೇಗ ಸವೆಯಬಹುದು. ಓರೆ 30ರಿಂದ 50 ಡಿಗ್ರಿ, ಮುಂಬಾಗು 5ರಿಂದ 25 ಡಿಗ್ರಿ ಇದ್ದರೆ ಸುರಕ್ಷಿತವೆಂದು ಲೆವಿನೆಕ್ ಮತ್ತು ಸಂಗಡಿಗರು 1978ರಲ್ಲಿ ಸೂಚಿಸಿದರು. ಮೇಜಿನ ಮೇಲೆ ಮಲಗಿದ ರೋಗಿಯ ಸೊಂಟ ಅರಿವಿಲ್ಲದೆ ವಾಲುವುದರಿಂದ ನುರಿತ ಕಣ್ಣೂ ತಪ್ಪಬಹುದು.

ಕಾರ್ಯವಿಧಾನ
ಸೊಂಟದ ಮೂಳೆಗೆ ಗುರುತುಪಟ್ಟಿ ಬಿಗಿದು, ವೈದ್ಯರು ನಿಗದಿತ ಬಿಂದುಗಳನ್ನು ಕಡ್ಡಿಯಿಂದ ಮುಟ್ಟುತ್ತಾರೆ. ಇನ್‌ಫ್ರಾರೆಡ್ ಕ್ಯಾಮರಾ ಅವುಗಳನ್ನು ಗ್ರಹಿಸುತ್ತದೆ. ಬಟ್ಟಲಿನ ಕೋನ, ಕಾಲಿನ ಉದ್ದದ ವ್ಯತ್ಯಾಸ ಪರದೆಯ ಮೇಲೆ ಮೂಡುತ್ತವೆ. ಕೆಲವು ವ್ಯವಸ್ಥೆಗಳಿಗೆ ಮುಂಚಿತವಾಗಿ ಸಿ.ಟಿ. ಸ್ಕ್ಯಾನ್ ಬೇಕು. ಇದು ರೋಬೋಟ್ ಅಲ್ಲ; ಉಪಕರಣ ಹಿಡಿಯುವುದು ವೈದ್ಯರ ಕೈಯೇ.

ಮಿತಿಗಳು
ಸಮಯ, ವೆಚ್ಚ ಹೆಚ್ಚುತ್ತವೆ. ಬಿಂದು ತಪ್ಪಾಗಿ ಮುಟ್ಟಿದರೆ ಲೆಕ್ಕವೂ ತಪ್ಪುತ್ತದೆ. 'ಸುರಕ್ಷಿತ' ಕೋನದಲ್ಲಿದ್ದ ಕೀಲುಗಳೂ ಜಾರಿದ ಉದಾಹರಣೆಗಳಿವೆ. ಬೆನ್ನುಮೂಳೆಯ ಬಿಗಿತ, ಸ್ನಾಯುಗಳ ಬಲವೂ ಲೆಕ್ಕಕ್ಕೆ ಬರುತ್ತವೆ.

ರೋಗಿಗಳು ಗಮನಿಸಬೇಕಾದುದು
ಹಾರೋಹಳ್ಳಿ, ಕನಕಪುರದಂಥ ಕಡೆ ನೆಲದ ಮೇಲೆ ಕೂರುವುದು, ಕುಕ್ಕರಗಾಲಲ್ಲಿ ದುಡಿಯುವುದು ದಿನಚರಿಯ ಭಾಗ. ಈ ಭಂಗಿಗಳಲ್ಲಿ ಕೀಲು ಅತಿಯಾಗಿ ಬಾಗುತ್ತದೆ. ಆದ್ದರಿಂದ ತಮ್ಮ ಕೆಲಸದ ರೀತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ, ಯಾವ ಭಂಗಿ ಎಷ್ಟು ಕಾಲ ನಿಷಿದ್ಧವೆಂದು ಕೇಳಿಕೊಳ್ಳುವುದು ಅವಶ್ಯ.