ಹದಿನಾಲ್ಕು ಭಾಗ, ಹತ್ತೊಂಬತ್ತು ಬೆಸುಗೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಚಕ್ರ, ಉಗಿ, ವಿದ್ಯುತ್ತು ಎಂದು ದೊಡ್ಡ ಹೆಜ್ಜೆ ಹಾಕುತ್ತ ಸಾಗುತ್ತಾರೆ. ಬೆಸುಗೆ, ತಿರುಪು, ರಿವೆಟ್ಟುಗಳತ್ತ ಅವರ ದೃಷ್ಟಿ ಹರಿಯುವುದು ಅಪರೂಪ. ಆದರೆ ಯಂತ್ರ ಸೋರುವುದೂ ಬಿರುಕು ಬಿಡುವುದೂ ಹೆಚ್ಚಾಗಿ ಆ ಜೋಡಣೆಯ ಜಾಗಗಳಲ್ಲಿಯೇ. ಜೋಡಣೆಗಳನ್ನು ಕಡಿಮೆ ಮಾಡಲು ಮನುಷ್ಯನು ಪಟ್ಟ ಪ್ರಯತ್ನಕ್ಕೂ ಒಂದು ಚರಿತ್ರೆಯಿದೆ. ಅದರ ಇತ್ತೀಚಿನ ಅಧ್ಯಾಯವನ್ನು ಇಲ್ಲಿ ನೋಡೋಣ.

ಒಂದು ವಸ್ತುವನ್ನು ಹಲವು ತುಂಡುಗಳಾಗಿ ಮಾಡಿ ಕೂಡಿಸುವುದಾದರೂ ಏಕೆ? ಕೊರೆಯುವ ಉಪಕರಣ ಒಳಗೆ ಹೋಗಬೇಕು, ಅಚ್ಚು ಹೊರಗೆ ಬರಬೇಕು. ಒಳಗೆ ಅಂಕುಡೊಂಕಾದ ನಾಳಗಳಿರುವ ವಸ್ತುವಿನಲ್ಲಿ ಇವೆರಡೂ ಕಷ್ಟ. ಹಾಗಾಗಿ ಅದನ್ನು ಸೀಳಿ ಮಾಡಿ, ಆಮೇಲೆ ಬೆಸೆಯುತ್ತಿದ್ದರು. 1908ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲಿ ನಾಲ್ಕು ಸಿಲಿಂಡರುಗಳನ್ನೂ ಒಂದೇ ಎರಕದಲ್ಲಿ ಹೊಯ್ದಿದ್ದರು. ಅಲ್ಲಿಯವರೆಗೆ ಅನೇಕ ಕಾರುಗಳಲ್ಲಿ ಅವುಗಳನ್ನು ಒಂದೊಂದಾಗಿ ಅಥವಾ ಎರಡೆರಡಾಗಿ ಎರೆದು ಜೋಡಿಸುವ ರೂಢಿಯಿತ್ತು. ಎರಕದ ಶಕ್ತಿ ದೊಡ್ಡದು, ಆದರೆ ಅದಕ್ಕೂ ಒಂದು ಎಲ್ಲೆಯುಂಟು.

ಆ ಎಲ್ಲೆಯನ್ನು ದಾಟಿಸಿದ್ದು ಪದರದ ಮೇಲೆ ಪದರವಿಟ್ಟು ವಸ್ತುವನ್ನು ಬೆಳೆಸುವ ವಿದ್ಯೆ. ಜನರ ಬಾಯಲ್ಲಿ ಅದು ತ್ರೀಡಿ ಪ್ರಿಂಟಿಂಗ್. ಜಪಾನಿನ ಹಿಡಿಯೊ ಕೊಡಾಮಾ 1981ರಲ್ಲಿ ಈ ಕುರಿತು ಬರೆದರು. ಅಮೆರಿಕದ ಚಕ್ ಹಲ್ 1984ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1986ರಲ್ಲಿ ಅದನ್ನು ಪಡೆದರು. ಅವರು ಬಳಸಿದ್ದು ಬೆಳಕಿಗೆ ಗಟ್ಟಿಯಾಗುವ ರಾಳ. ಲೋಹದ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದ ಕಡೆ ಮಾತ್ರ ಲೇಸರಿನಿಂದ ಕರಗಿಸಿ ಹೆಪ್ಪುಗಟ್ಟಿಸುವ ಕ್ರಮ ಜರ್ಮನಿಯ ಆಕೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ 1990ರ ದಶಕದ ಮಧ್ಯದಲ್ಲಿ ರೂಪುಗೊಂಡಿತು. ಆದರೂ ಬಹುಕಾಲ ಈ ವಿದ್ಯೆಯನ್ನು ಮಾದರಿ ತಯಾರಿಸಲು ಮಾತ್ರ ಯೋಗ್ಯವೆಂದು ಎಣಿಸಿದ್ದರು. ರಂಗೋಲಿಯಂತೆ, ನೋಡುವುದಕ್ಕೆ ಚೆಂದ, ಮೇಲೆ ಭಾರ ಹೇರುವಂತಿಲ್ಲ!

ಈ ಎಣಿಕೆ ತಲೆಕೆಳಗಾದದ್ದು ವಿಮಾನದ ಎಂಜಿನ್ನಿನಲ್ಲಿ. ಜಿಇ ಕಂಪನಿಯೂ ಫ್ರಾನ್ಸಿನ ಸಾಫ್ರಾನ್ ಕಂಪನಿಯೂ ಸೇರಿ ನಿರ್ಮಿಸಿದ ಲೀಪ್ ಎಂಜಿನ್ನಿಗೆ ಇಂಧನ ಸಿಂಪಡಿಸುವ ನಳಿಕೆ ಬೇಕಿತ್ತು. ಅದರೊಳಗಿನ ನಾಳಗಳು ಎಷ್ಟು ಜಟಿಲವೆಂದರೆ, ಎರಕ ಹೊಯ್ಯುವ ಪ್ರಯತ್ನ ಮತ್ತೆ ಮತ್ತೆ ವಿಫಲವಾಯಿತು. ಹಳೆಯ ಕ್ರಮದಲ್ಲಿ ಸುಮಾರು 20 ತುಂಡುಗಳನ್ನು ಬೆಸೆಯಬೇಕಿದ್ದುದನ್ನು ಕೋಬಾಲ್ಟ್-ಕ್ರೋಮಿಯಂ ಪುಡಿಯಿಂದ ಒಂದೇ ವಸ್ತುವಾಗಿ ಬೆಳೆಸಿದರು. ಅದು ಶೇಕಡ 25ರಷ್ಟು ಹಗುರ. ಬಾಳಿಕೆ ಐದು ಪಟ್ಟು ಎಂಬುದು ಕಂಪನಿಯ ಮಾತು. 2016ರಲ್ಲಿ ಲೀಪ್ ಎಂಜಿನ್ನಿನ ವಿಮಾನಗಳು ಪ್ರಯಾಣಿಕರನ್ನು ಹೊತ್ತು ಹಾರತೊಡಗಿದವು. 2021ರ ಹೊತ್ತಿಗೆ ಅಲಬಾಮಾ ರಾಜ್ಯದ ಆಬರ್ನ್ ಕಾರ್ಖಾನೆಯಿಂದ ಇಂಥ ಒಂದು ಲಕ್ಷ ನಳಿಕೆಗಳು ಹೊರಬಂದಿದ್ದವು.

ನನ್ನನ್ನು ಹೆಚ್ಚು ಸೆಳೆದದ್ದು ನಮ್ಮದೇ ದೇಶದ ಉದಾಹರಣೆ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದಲ್ಲಿ ಪಿಎಸ್4 ಎಂಬ ಪುಟ್ಟ ಎಂಜಿನ್ನುಗಳು ಎರಡಿರುತ್ತವೆ. ಉಪಗ್ರಹವನ್ನು ಕೊನೆಗೆ ಅದರ ಕಕ್ಷೆಗೆ ತಲಪಿಸುವ ಹೊಣೆ ಅವುಗಳದು. ಇಸ್ರೋದ ದ್ರವ ನೋದನ ಕೇಂದ್ರವು ಈ ಎಂಜಿನ್ನನ್ನು ಹೊಸ ಪದ್ಧತಿಗೆ ತಕ್ಕಂತೆ ಮರುವಿನ್ಯಾಸಗೊಳಿಸಿತು. ತಯಾರಿಸಿದ್ದು ವಿಪ್ರೋ ತ್ರೀಡಿ. ಹದಿನಾಲ್ಕು ಭಾಗಗಳು ಒಂದಾದವು. ಹತ್ತೊಂಬತ್ತು ಬೆಸುಗೆಗಳು ಇಲ್ಲವಾದವು. ಹಿಂದೆ ಒಂದು ಎಂಜಿನ್ನಿಗೆ 565 ಕಿಲೋ ಲೋಹದ ಗಟ್ಟಿ ಮತ್ತು ತಗಡು ಬೇಕಿತ್ತು, ಅದರಲ್ಲಿ ಬಹುಪಾಲು ಕೊರೆದು ಬಿಸುಡುವಂಥದು, ಈಗ 13.7 ಕಿಲೋ ಪುಡಿ ಸಾಕಾಯಿತು. ತಯಾರಿಕೆಯ ಅವಧಿ ಶೇಕಡ 60ರಷ್ಟು ಇಳಿಯಿತು. 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಅದನ್ನು ಎಡೆಬಿಡದೆ 665 ಸೆಕೆಂಡು ಉರಿಸಿ ನೋಡಿದರು. ಅದೇ ತಿಂಗಳ 30ರಂದು ಚೆನ್ನೈನ ಅಗ್ನಿಕುಲ್ ಸಂಸ್ಥೆ ಇಡಿಯಾಗಿ ಮುದ್ರಿಸಿದ ಎಂಜಿನ್ನಿನ ರಾಕೆಟ್ಟನ್ನು ಶ್ರೀಹರಿಕೋಟಾದಿಂದ ಹಾರಿಸಿತು.

565 ಮತ್ತು 13.7: ಈ ಎರಡು ಅಂಕಿಗಳನ್ನು ಕಂಡಾಗ ನನ್ನೊಳಗಿನ ಮೇಷ್ಟರು ಭಾಗಾಕಾರ ಮಾಡದೆ ಬಿಡಲಿಲ್ಲ. ನಲವತ್ತೊಂದು ಪಟ್ಟು!

ಹಾಗೆಂದು ಲೆಕ್ಕದ ಇನ್ನೊಂದು ಬದಿಯನ್ನು ಮರೆಯುವಂತಿಲ್ಲ. ಬೆಸುಗೆ ಹೋದಾಗ ಬೆಸೆಯುವವನ ಕೈಚಳಕಕ್ಕಿದ್ದ ಬೆಲೆಯೂ ಹೋಗುತ್ತದೆ. ಬೆಸುಗೆ ಎಲ್ಲಿದೆಯೆಂದು ತಿಳಿದಿದ್ದರಿಂದ ಪರೀಕ್ಷಕನು ಆ ಗೆರೆಯನ್ನೇ ಹೆಚ್ಚು ಶೋಧಿಸಬಹುದಿತ್ತು. ಪುಡಿಯಿಂದ ಬೆಳೆದ ವಸ್ತುವಿನಲ್ಲಿ ಸೂಕ್ಷ್ಮ ರಂಧ್ರ ಎಲ್ಲಿ ಬೇಕಾದರೂ ಅಡಗಿರಬಹುದು. ಇಡೀ ವಸ್ತುವನ್ನೇ ಆಸ್ಪತ್ರೆಯ ರೋಗಿಯಂತೆ ಸ್ಕ್ಯಾನ್ ಮಾಡಬೇಕಾಗುತ್ತದೆ. ಒಂದು ಮೂಲೆ ಹಾಳಾದರೆ ಆ ಮೂಲೆಯನ್ನಷ್ಟೇ ಬದಲಿಸುವ ಸೌಲಭ್ಯವೂ ಇಲ್ಲ. ನಮ್ಮ ಎತ್ತಿನಗಾಡಿಯ ಗಾಲಿಯಲ್ಲಿ ಒಂದು ಆರೆಕಾಲು ಮುರಿದರೆ ಬಡಗಿ ಅದೊಂದನ್ನೇ ಹೊಸದಾಗಿ ಕೂಡಿಸುತ್ತಿದ್ದ. ಗುಂಬ ಮತ್ತು ಕಬ್ಬಿಣದ ಪಟ್ಟಿ ಹಾಗೆಯೇ ಉಳಿಯುತ್ತಿದ್ದವು. ಬಿಡಿಬಿಡಿಯಾಗಿರುವುದರ ಲಾಭವದು.

ಪಿಎಸ್4 ಎಂಜಿನ್ನಿಗೆ ಈ ಚಿಂತೆಯಿಲ್ಲ. ಒಮ್ಮೆ ಹಾರಿದ ಮೇಲೆ ಅದನ್ನು ಯಾರೂ ರಿಪೇರಿಗೆ ತರುವುದಿಲ್ಲ. ಆದರೆ ಇದೇ ಪದ್ಧತಿ ರೈತನ ಪಂಪುಸೆಟ್ಟಿಗೂ ಬಂದರೆ, ವಾಷರ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಪಂಪನ್ನೇ ಬದಲಿಸಬೇಕಾಗುವುದೋ ಏನೋ. ಅದನ್ನು ಎಂಜಿನಿಯರುಗಳು ವಿನ್ಯಾಸದ ಮೇಜಿನ ಮೇಲೆಯೇ ಯೋಚಿಸಬೇಕು. ಪಂಪು ಕೆಟ್ಟು ಕೂತ ದಿನ ರೈತನೊಬ್ಬನೇ ಯೋಚಿಸುವಂತಾಗಬಾರದು.