ಕೊಪ್ಪಳ ಸೀಮೆಯ ಮತಜೀವನದಲ್ಲಿ ಮಕ್ಕಳ ಸ್ವಂತ ವಿವೇಚನೆ

ತಂದೆತಾಯಿಗಳ ಮತವು ಮಕ್ಕಳಿಗೆ ಬರುವುದು ಮನೆಯ ಮಾತು ಬರುವಷ್ಟೇ ಸಹಜವೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಆದರೆ ಮಾತಿಗೂ ಮತಕ್ಕೂ ಒಂದು ಭೇದವುಂಟು. ಕಲಿತ ಭಾಷೆಯನ್ನು ಸರಿಯೋ ತಪ್ಪೋ ಎಂದು ಯಾರೂ ಕೇಳುವುದಿಲ್ಲ. ಕಲಿತ ಮತವನ್ನು ಮಾತ್ರ, ಬುದ್ಧಿ ಬಲಿತ ಮೇಲೆ, ನಿಜವೇ ಎಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಹೀಗೆ ಕೇಳುವುದಕ್ಕೆ, ಕೇಳಿ ಒಪ್ಪುವುದಕ್ಕೆ ಅಥವಾ ಬಿಡುವುದಕ್ಕೆ, ನಮ್ಮ ಪೂರ್ವಿಕರು ಮಕ್ಕಳಿಗೆ ಎಷ್ಟು ಎಡೆಗೊಟ್ಟಿದ್ದರು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ಹಿಂದೆ ರಾಯಚೂರು ಜಿಲ್ಲೆಗೆ ಸೇರಿದ್ದು ಈಗ ಕೊಪ್ಪಳ ಜಿಲ್ಲೆಯೆನಿಸಿರುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯನ್ನು ಇದಕ್ಕಾಗಿ ಆರಿಸಿಕೊಂಡುದಕ್ಕೆ ಕಾರಣವುಂಟು. ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ಮತಗಳು ನೆಲೆಗೊಂಡುದು ಕನ್ನಡನಾಡಿನಲ್ಲಿಯೂ ಅಪರೂಪವೇ ಸರಿ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಅದರ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದ ಇವುಗಳನ್ನು ಆರ್. ಎಲ್. ಟರ್ನರ್ ಅವರು ಹೈದರಾಬಾದಿನ ಪ್ರಾಚ್ಯಸಂಶೋಧನ ಗ್ರಂಥಮಾಲೆಯಲ್ಲಿ 1932ರಲ್ಲಿ ಪ್ರಕಟಿಸಿದರು. ಅದೇ ಪಾಲ್ಕಿಗುಂಡಿನಲ್ಲಿ ವರಾಂಗಚರಿತದ ಕರ್ತೃವಾದ ಜಟಾಸಿಂಹನಂದಿಯ ಪಾದಗಳಿವೆ. ಅವುಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಅಲ್ಲಿನ ಬರಹವು ತಿಳಿಸುತ್ತದೆ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಆ ಕೊಪಣವು ಜೈನರ ಮಹಾತೀರ್ಥವಾಗಿದ್ದಿತು. ಇಂದು ಅದೇ ಬೆಟ್ಟದಲ್ಲಿ ಗವಿಸಿದ್ಧೇಶ್ವರರ ಮಠವಿದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ, ಮಾಧ್ವ ಯತಿಗಳ ಒಂಬತ್ತು ಬೃಂದಾವನಗಳಿವೆ. ಹಳ್ಳಿಹಳ್ಳಿಗಳಲ್ಲಿ ದರ್ಗಾಗಳೂ ಅಲಾಯಿ ಕುಣಿಗಳೂ ಇವೆ. ಈ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಒಂದಕ್ಕಿಂತ ಹೆಚ್ಚು ದೇವರ ಪರಿಚಯವಾಗದೆ ಇರುವುದು ಕಷ್ಟ. ಹಲವು ಮತಗಳ ಪರಿಚಯವೇ ವಿವೇಚನೆಗೆ ಸಾಕಾಯಿತೆ, ಅಥವಾ ಮತ್ತೇನಾದರೂ ಬೇಕಾಗಿದ್ದಿತೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಮೊದಲು ಅಶೋಕನ ಮಾತನ್ನೇ ನೋಡೋಣ. ಕೊಪ್ಪಳದ ಶಾಸನಗಳಲ್ಲಿ ರಾಜನು ತನ್ನ ಮತಾನುಭವವನ್ನು ತಾನೇ ಹೇಳಿಕೊಂಡಿದ್ದಾನೆ. ಉಪಾಸಕನಾಗಿ ಎರಡೂವರೆ ವರ್ಷಗಳು ಕಳೆದುವೆಂದೂ, ಮೊದಲು ತಾನು ಅಷ್ಟಾಗಿ ಉತ್ಸಾಹ ತೋರಲಿಲ್ಲವೆಂದೂ, ಸಂಘದ ಸಂಪರ್ಕ ಬಂದ ಮೇಲೆ ಉತ್ಸಾಹ ಬೆಳೆಯಿತೆಂದೂ, ಅಲ್ಪರಿಗೂ ಮಹಾತ್ಮರಿಗೂ ಸ್ವರ್ಗವು ಪ್ರಯತ್ನದಿಂದಲೇ ಸಾಧ್ಯವೆಂದೂ ಅವುಗಳ ತಾತ್ಪರ್ಯ. ವಂಶದಿಂದ ಬಾರದೆ, ಬೆಳೆದ ಮೇಲೆ ತಾನಾಗಿ ಹಿಡಿದು ಕ್ರಮೇಣ ಬಲಪಡಿಸಿಕೊಂಡ ನಂಬಿಕೆಯ ವೃತ್ತಾಂತವಿದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿಯಾದರೋ ಅದೇ ರಾಜನು ತಂದೆತಾಯಿಗಳ ಶುಶ್ರೂಷೆಯನ್ನೂ ಆಚಾರ್ಯನ ವಿಷಯದಲ್ಲಿ ಶಿಷ್ಯನ ಗೌರವವನ್ನೂ ವಿಧಿಸಿದ್ದಾನೆ. 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಶಾಸನಗಳಲ್ಲಿ ಅವನ 12ನೆಯ ಬಂಡೆಶಾಸನವೂ ಸೇರಿದೆ. ತನ್ನ ಪಂಥವನ್ನು ಹೊಗಳುವುದರಲ್ಲಿ ನಾಲಗೆಗೆ ಹಿಡಿತವಿರಬೇಕು, ಜನರು ಒಬ್ಬರ ಧರ್ಮವನ್ನೊಬ್ಬರು ಕೇಳಬೇಕು, ಎಲ್ಲ ಪಂಥದವರೂ ಬಹುಶ್ರುತರಾಗಬೇಕು ಎಂಬುದು ಅದರ ಉಪದೇಶ. ಹಿರಿಯರಿಗೆ ವಿಧೇಯನಾಗಿರುವುದು ಒಂದು, ಪರರ ಧರ್ಮಕ್ಕೆ ಕಿವಿಗೊಡುವುದು ಮತ್ತೊಂದು. ಈ ಎರಡು ಉಪದೇಶಗಳು ಒಂದೇ ಮನೆಯಲ್ಲಿ ಎದುರಾದಾಗ ಮಗನು ಏನು ಮಾಡಬೇಕೆಂಬುದನ್ನು ಅಶೋಕನು ಹೇಳಿಲ್ಲ. ಮುಂದಿನ ಶತಮಾನಗಳಲ್ಲಿ ಉದ್ಭವಿಸಿದ ಸಮಸ್ಯೆಯೂ ಇದೇ.

ಮಧ್ಯಯುಗದ ಶಾಸನಗಳಿಂದ ಉತ್ತರವನ್ನು ಪಡೆಯುವುದು ಸುಲಭವಲ್ಲ. ಶಾಸನಗಳು ದಾನಿಗಳ ದಾಖಲೆಗಳು, ದಾನಿಗಳು ವಯಸ್ಕರು. ಆದರೂ ಒಂದೇ ಕುಟುಂಬದಲ್ಲಿ ಎರಡು ಮತಗಳಿದ್ದ ಕಡೆ ಮಕ್ಕಳ ವಿಷಯವು ಪರೋಕ್ಷವಾಗಿ ಗೋಚರಿಸುತ್ತದೆ. ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನವು ಈ ಸೀಮೆಯಿಂದ ದೂರದ ಹೊಯ್ಸಳ ನಾಡಿನಲ್ಲಿ ದೊರೆಯುತ್ತದೆ. ವಿಷ್ಣುವರ್ಧನನ ಪಟ್ಟದರಾಣಿ ಶಾಂತಲದೇವಿಯ ತಂದೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆಯು ಜೈನಳು. ಮಗಳು ತಾಯಿಯ ಧರ್ಮವನ್ನು ಅನುಸರಿಸಿ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನೂ ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಮೃತಳಾದಳು. ಆ ಬಳಿಕ ತಾಯಿಯು ಬೆಳಗೊಳದಲ್ಲಿ ಸಲ್ಲೇಖನವನ್ನು ಕೈಕೊಂಡಳು. ತಂದೆಯ ಮತವನ್ನು ಹಿಡಿಯದಿದ್ದುದು ಮಗಳಿಗೆ ದೋಷವೆನಿಸಲಿಲ್ಲ. ಶಾಸನವು ಈ ಭೇದವನ್ನು ಮರೆಮಾಚದೆ ಸಹಜವಾಗಿ ಹೇಳುತ್ತದೆ. ಅವಳು ಬಾಲ್ಯದಲ್ಲಿ ತಾನೇ ವಿಚಾರಿಸಿ ಆರಿಸಿಕೊಂಡಳೆಂದು ಇದರಿಂದ ಸಾಧಿಸಲಾಗದು. ಒಂದೇ ಮನೆಯಲ್ಲಿ ಎರಡು ಮಾರ್ಗಗಳು ತೆರೆದಿದ್ದುವೆಂಬುದಷ್ಟೇ ಸಿದ್ಧವಾಗುತ್ತದೆ.

ನಮ್ಮ ಸೀಮೆಯಲ್ಲಿ, ಹಿಂದಿನ ಯಲಬುರ್ಗಾ ತಾಲ್ಲೂಕಿನ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಶಿವಾಲಯವಿದೆ. ಅದರ ಆವರಣದಲ್ಲಿ ಅವನು ತಂದೆಯ ನೆನಪಿಗೆ ಮೂರ್ತಿನಾರಾಯಣನ ಗುಡಿಯನ್ನೂ ತಾಯಿಯ ನೆನಪಿಗೆ ಇನ್ನೊಂದು ಗುಡಿಯನ್ನೂ ಮಾಡಿಸಿದನು. ಶಿವನಿಗೆ ಮಹಾಲಯವನ್ನು ಕಟ್ಟಿದ ಮಗನು ತಂದೆಯ ಹೆಸರಿನಲ್ಲಿ ನಾರಾಯಣನಿಗೂ ಸ್ಥಳ ಕೊಟ್ಟನು. ಪಿತೃಗೌರವವೆಂದರೆ ಪಿತೃಗಳೊಡನೆ ಏಕದೈವನಿಷ್ಠೆಯೇ ಆಗಬೇಕೆಂಬ ಭಾವನೆಯು ಆ ಕಾಲದ ಗಣ್ಯರಲ್ಲಿ ಕಟ್ಟುನಿಟ್ಟಾಗಿರಲಿಲ್ಲವೆಂದು ಇದರಿಂದ ಊಹಿಸಬಹುದು.

ಹನ್ನೆರಡನೆಯ ಶತಮಾನದಲ್ಲಿಯೇ ಕುಷ್ಟಗಿಯ ಎಲ್ಲೆಯಾಚೆ, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ, ಈ ಪ್ರಶ್ನೆಯು ಬೇರೊಂದು ರೂಪವನ್ನು ತಾಳಿತು. ಬಸವಣ್ಣನವರು ಜನಿವಾರವನ್ನು ಬಿಟ್ಟ ಸಂಗತಿಯನ್ನು ಕವಿಗಳು ಒಂದೇ ಬಗೆಯಾಗಿ ಹೇಳುವುದಿಲ್ಲ. ಹರಿಹರನ ರಗಳೆಯಲ್ಲಿ ಬಸವನು ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದು, ಪ್ರಾಯಕ್ಕೆ ಬಂದ ಬಳಿಕ, ಧರಿಸಿದ್ದ ಜನಿವಾರವನ್ನು ಕಿತ್ತು ಸಂಗಮಕ್ಕೆ ಹೋಗುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ, ಎಂಟು ವರ್ಷದ ಬಾಲಕನೇ ತಂದೆಯ ಎದುರಿನಲ್ಲಿ ಉಪನಯನವನ್ನು ನಿರಾಕರಿಸುತ್ತಾನೆ. ಇವುಗಳಲ್ಲಿ ಯಾವುದು ನಡೆದ ಸಂಗತಿಯೆಂಬ ಚರ್ಚೆಯನ್ನು ವಿದ್ವಾಂಸರು ಬೇಕಾದಷ್ಟು ಮಾಡಿದ್ದಾರೆ. ನಮಗೆ ಇಲ್ಲಿ ಮುಖ್ಯವಾದುದು ಕವಿಗಳ ಮನೋಧರ್ಮ. ಒಬ್ಬನ ದೃಷ್ಟಿಯಲ್ಲಿ ಮತವನ್ನು ಬಿಡುವುದು ಹಿರಿಯರ ಹಂಗು ತೀರಿದ ಯುವಕನ ಕಾರ್ಯ. ಇನ್ನೊಬ್ಬನ ದೃಷ್ಟಿಯಲ್ಲಿ ಅದು ಹಿರಿಯರ ಸಮಕ್ಷಮದಲ್ಲಿಯೇ ಬಾಲಕನು ಆಡಬಹುದಾದ ಮಾತು. ಎಷ್ಟನೆಯ ವಯಸ್ಸಿನಲ್ಲಿ ಮಗುವಿನ ‘ಒಲ್ಲೆ’ ಎಂಬ ಮಾತಿಗೆ ಬೆಲೆ ಬರುತ್ತದೆ ಎಂಬ ಪ್ರಶ್ನೆಯು ನಮ್ಮ ಸಾಹಿತ್ಯಕ್ಕೆ ಹೊಸದಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಸಂಸ್ಕಾರಗಳಲ್ಲಿಯೂ ಈ ಪ್ರಶ್ನೆಯ ಅರಿವು ಅಡಗಿದೆ. ವೀರಶೈವರಲ್ಲಿ ಶಿಶುವಿಗೆ ಲಿಂಗಧಾರಣೆಯಾಗುತ್ತದೆ. ದೀಕ್ಷೆಯು ತಿಳಿವಳಿಕೆ ಬಂದ ಮೇಲೆ. ಬ್ರಾಹ್ಮಣರಲ್ಲಿ ನಾಮಕರಣವು ಶೈಶವದಲ್ಲಿ, ಗಂಡುಮಗುವಿನ ಉಪನಯನವು ಎಂಟನೆಯ ವರ್ಷದ ಸುಮಾರಿಗೆ. ಮುಸಲ್ಮಾನರಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್ ಹೇಳುತ್ತಾರೆ. ನಮಾಜು, ಉಪವಾಸಗಳು ಕಡ್ಡಾಯವಾಗುವುದು ಪ್ರಾಯಕ್ಕೆ ಬಂದ ಬಳಿಕ. ಜೈನರು ವ್ರತಗ್ರಹಣದ ಅರ್ಹತೆಯನ್ನು ಎಂಟು ವರ್ಷ ತುಂಬಿದ ಮೇಲೆ ಹೇಳುತ್ತಾರೆ. ಹುಟ್ಟಿದಾಗ ಒಂದು, ಅರಿವು ಬಂದಾಗ ಮತ್ತೊಂದು, ಹೀಗೆ ಎರಡು ಮೆಟ್ಟಿಲುಗಳು ಬಹುತೇಕ ಎಲ್ಲರಲ್ಲಿಯೂ ಕಂಡುಬರುತ್ತವೆ. ಅರಿಯದೆ ಹೊತ್ತದ್ದನ್ನು ಅರಿತು ಹೊರಬೇಕೆಂಬ ತತ್ತ್ವವು ಇಲ್ಲಿ ಮಾನ್ಯವಾಗಿದೆ. ಆದರೆ ಎರಡನೆಯ ಮೆಟ್ಟಿಲಿನಲ್ಲಿ ಮಗುವು ಒಪ್ಪಬಹುದಲ್ಲದೆ ಒಲ್ಲೆನೆನ್ನುವುದಕ್ಕೆ ಕ್ರಮವಾದ ವಿಧಾನವಿಲ್ಲ. ಇದು ನ್ಯೂನತೆಯೆಂದೇ ನಮ್ಮ ಅಭಿಪ್ರಾಯ.

ಈಗ ಜನಸಾಮಾನ್ಯರ ಆಚರಣೆಗೆ ಬರೋಣ. ಈ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಹಬ್ಬವನ್ನು ಹಿಂದೂಗಳೂ ಆಚರಿಸುತ್ತಾರೆ. ಮುಸಲ್ಮಾನರ ಮನೆಯೇ ಇಲ್ಲದ ಊರಿನಲ್ಲಿಯೂ ಅಲಾಯಿ ದೇವರನ್ನು ಕೂಡಿಸುವುದುಂಟು. ಮಗುವಿಗೆ ಕಾಯಿಲೆಯಾದರೆ ತಾಯಿಯು ಹರಕೆ ಹೊತ್ತು, ಆ ದಿನಗಳಲ್ಲಿ ಮಗುವನ್ನು ಫಕೀರನನ್ನಾಗಿ ಮಾಡುತ್ತಾಳೆ. ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳು ಹಿಂದೂ ಮನೆಗಳಲ್ಲಿ ಹೇರಳವಾಗಿವೆ. ಇದನ್ನು ಮತಸಾಮರಸ್ಯವೆಂದು ಮೆಚ್ಚುವುದು ಯುಕ್ತವೇ. ಆದರೆ ಹರಕೆಯು ತಾಯಿಯದು, ಹೆಸರು ತಂದೆಯು ಇಟ್ಟದ್ದು. ಮಗುವು ಎರಡು ಮತಗಳನ್ನು ಕಂಡಿತೇ ಹೊರತು ಎರಡನ್ನೂ ತೂಗಿ ನೋಡಲಿಲ್ಲ.

ಅದೇ ಹರಕೆಯ ಇನ್ನೊಂದು ಮುಖವು ದಾರುಣವಾದುದು. ತುಂಗಭದ್ರೆಯ ದಂಡೆಯ ಹುಲಿಗೆಮ್ಮನ ಹೆಸರಿನಲ್ಲಿಯೂ ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿಯೂ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯು ಈ ಭಾಗದ ಬಡ ದಲಿತ ಕುಟುಂಬಗಳಲ್ಲಿ ಬಹುಕಾಲ ನಡೆದುಬಂದಿತು. ಮಗುವಿನ ತಲೆಗೂದಲು ಜಡೆಗಟ್ಟಿದುದು, ಮನೆಯಲ್ಲಿ ರೋಗವೋ ದಾರಿದ್ರ್ಯವೋ ತಲೆದೋರಿದುದು, ಗಂಡುಸಂತಾನವಿಲ್ಲದುದು, ಇವೇ ಕಾರಣಗಳಾಗುತ್ತಿದ್ದುವು. ಹೆತ್ತವರ ಹರಕೆಯೊಂದು ಮಗಳ ವಿವಾಹವನ್ನೂ ಶರೀರವನ್ನೂ ಜೀವಮಾನವನ್ನೂ ನಿರ್ಣಯಿಸುತ್ತಿದ್ದಿತು. ಕರ್ನಾಟಕದ ಶಾಸನಸಭೆಯು 1982ರಲ್ಲಿ ಮಾಡಿದ ದೇವದಾಸಿ ಸಮರ್ಪಣ ನಿಷೇಧ ಶಾಸನವು ಇಂಥ ಅರ್ಪಣೆಯನ್ನು, ಹೆಣ್ಣಿನ ಒಪ್ಪಿಗೆಯಿದ್ದರೂ ಇಲ್ಲದಿದ್ದರೂ, ಅಸಿಂಧುವೆಂದು ಸಾರಿತು. ಅಪರಾಧಿಯು ತಂದೆ, ತಾಯಿ ಅಥವಾ ಪೋಷಕನಾಗಿದ್ದಲ್ಲಿ ಹೆಚ್ಚಿನ ಶಿಕ್ಷೆಯನ್ನು ವಿಧಿಸಿತು. ಮಗುವಿನ ಮತಜೀವನದ ಮೇಲೆ ಹೆತ್ತವರಿಗಿರುವ ಅಧಿಕಾರಕ್ಕೆ ಎಲ್ಲೆಯುಂಟೆಂದು ನಮ್ಮ ನಾಡಿನ ಕಾನೂನು ಇಷ್ಟು ನಿಷ್ಠುರವಾಗಿ ಹೇಳಿದ ಸಂದರ್ಭಗಳು ವಿರಳ. ಹಲವು ದೇವರುಗಳ ಪರಿಚಯವಿದ್ದ ಸೀಮೆಯಲ್ಲಿಯೇ ಹೆಣ್ಣುಮಗುವಿಗೆ ಒಲ್ಲೆನೆನ್ನುವ ಬಾಯಿ ಇರಲಿಲ್ಲವೆಂಬುದನ್ನು ನಾವು ಮರೆಯಲಾಗದು.

ರಾಜ್ಯದ ಧೋರಣೆಯನ್ನೂ ಸಂಕ್ಷೇಪವಾಗಿ ಗಮನಿಸಬೇಕು. 1948ರವರೆಗೆ ಈ ಸೀಮೆಯು ನಿಜಾಮರ ರಾಜ್ಯದಲ್ಲಿದ್ದಿತು. ಕೊಪ್ಪಳವು ಸಾಲಾರ್ ಜಂಗರ ಜಹಗೀರು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಮುಸಲ್ಮಾನ ವಿದ್ಯಾರ್ಥಿಗಳಿಗೆ ದೀನಿಯಾತ್, ಅಂದರೆ ಮತಶಾಸ್ತ್ರವನ್ನೂ, ಇತರರಿಗೆ ನೀತಿಶಾಸ್ತ್ರವನ್ನೂ ಬೋಧಿಸುವ ಏರ್ಪಾಡಿದ್ದಿತು. ಯಾರು ಯಾವ ಪಾಠವನ್ನು ಕೇಳಬೇಕೆಂಬುದನ್ನು ಹುಟ್ಟು ನಿಶ್ಚಯಿಸುತ್ತಿದ್ದಿತು. ಅತ್ತ ದೆಹಲಿಯ ಸಂವಿಧಾನ ಸಭೆಯಲ್ಲಿ 1947ರ ಮೇ 1ರಂದು ಕೆ. ಎಂ. ಮುನ್ಷಿಯವರು ಒಂದು ತಿದ್ದುಪಡಿಯನ್ನು ಸೂಚಿಸಿದರು: ವಂಚನೆ, ಬಲಾತ್ಕಾರಗಳಿಂದ ಆದ ಮತಾಂತರದಂತೆಯೇ 18 ವರ್ಷದೊಳಗಿನವರ ಮತಾಂತರವನ್ನೂ ಕಾನೂನು ಮಾನ್ಯ ಮಾಡಬಾರದೆಂದು. ಫ್ರ್ಯಾಂಕ್ ಆಂಟನಿಯವರು ಇದರಿಂದ ಹೆತ್ತವರ ಹಕ್ಕಿಗೆ ಬಾಧೆಯೆಂದರು. ಅಂಬೇಡ್ಕರರು, ಮತವನ್ನು ಬದಲಿಸಿದ ತಂದೆತಾಯಿಗಳಿಂದ ಚಿಕ್ಕ ಮಕ್ಕಳನ್ನು ಈ ನಿಯಮವು ಬೇರ್ಪಡಿಸುವಂತಾಗುವ ತೊಡಕನ್ನು ತೋರಿಸಿದರು. ಪ್ರಶ್ನೆಯನ್ನು ಸಲಹಾ ಸಮಿತಿಗೆ ಮರಳಿ ಕಳುಹಿಸಲಾಯಿತು. ಸಂವಿಧಾನದಲ್ಲಿ ಆ ವಿಧಿಯು ಕೊನೆಗೆ ಸೇರಲಿಲ್ಲ. 1950ರ ಸಂವಿಧಾನದ 28ನೆಯ ಅನುಚ್ಛೇದವು, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಗಳಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಮತಬೋಧನೆಗೆ ಗುರಿಪಡಿಸಬಾರದೆನ್ನುತ್ತದೆ. ಆದರೆ ವಿದ್ಯಾರ್ಥಿಯು ಅಪ್ರಾಪ್ತವಯಸ್ಕನಾದಲ್ಲಿ ಆ ಒಪ್ಪಿಗೆಯು ಪೋಷಕನದು. ಮಗುವಿನ ಧ್ವನಿಯು ಇಲ್ಲಿಯೂ ಹಿರಿಯರ ಬಾಯಿಂದಲೇ ಹೊರಡಬೇಕು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮತಸ್ವಾತಂತ್ರ್ಯವನ್ನು ಮಗುವಿನ ಹಕ್ಕೆಂದೇ ಕರೆದು, ಮಗುವಿನ ಬುದ್ಧಿಯು ಬೆಳೆದಂತೆ ಅದಕ್ಕೆ ತಕ್ಕುದಾಗಿ ದಾರಿ ತೋರುವ ಹಕ್ಕನ್ನೂ ಕರ್ತವ್ಯವನ್ನೂ ಹೆತ್ತವರಿಗೆ ಬಿಟ್ಟಿತು. ಭಾರತವು 1992ರಲ್ಲಿ ಇದಕ್ಕೆ ಸಮ್ಮತಿಸಿತು.

ಯಾವ ಮತವನ್ನೂ ಕಲಿಸದೆ ಮಗುವನ್ನು ಬೆಳೆಸಿದರೆ ಅದು ನಿಷ್ಪಕ್ಷಪಾತವಾಗಿ ಆರಿಸೀತೆಂದು ಕೆಲವರು ವಾದಿಸುತ್ತಾರೆ. ಇತಿಹಾಸವು ಇದನ್ನು ಸಮರ್ಥಿಸುವಂತೆ ತೋರುವುದಿಲ್ಲ. ಮೇಲೆ ಕಂಡವರಾರೂ ಶೂನ್ಯದಿಂದ ಆರಂಭಿಸಿದವರಲ್ಲ. ಶಾಂತಲೆಯು ತಾಯಿಯಿಂದ ಕಲಿತಳು, ಹರಿಹರನ ಬಸವನು ಜನಿವಾರವನ್ನು ಧರಿಸಿದ ಮೇಲೆಯೇ ಬಿಟ್ಟನು. ತಂದೆತಾಯಿಗಳು ತಮ್ಮ ನಂಬಿಕೆಯನ್ನು ಮಕ್ಕಳಿಗೆ ಹೇಳುವುದರಲ್ಲಿ ತಪ್ಪಿಲ್ಲ; ಹೇಳದೆ ಇರುವುದು ಅಸಾಧ್ಯವೂ ಹೌದು. ಆದರೆ ಹಲವು ಮತಗಳು ಕಣ್ಣಿಗೆ ಬಿದ್ದ ಮಾತ್ರಕ್ಕೆ ವಿವೇಚನೆಯು ಹುಟ್ಟುವುದಿಲ್ಲವೆಂದು ಈ ಸೀಮೆಯ ಚರಿತ್ರೆಯು ಸ್ಪಷ್ಟಪಡಿಸುತ್ತದೆ. ಕೇಳುವುದಕ್ಕೆ ಅವಕಾಶ, ತಿಳಿಯುವವರೆಗೆ ಕಾಲಾವಧಿ, ತಿಳಿದ ಮೇಲೆ ಒಲ್ಲೆನೆಂದರೂ ಮನೆಯ ಬಾಗಿಲು ಮುಚ್ಚದೆ ಇರುವುದು, ಇವು ಮೂರೂ ಬೇಕು. ಮೊದಲನೆಯದು ಇಲ್ಲಿ ಧಾರಾಳವಾಗಿದ್ದಿತು. ಎರಡನೆಯದನ್ನು ಸಂಸ್ಕಾರಗಳು ಬಲ್ಲವು. ಮೂರನೆಯದು ಮಾತ್ರ ಅರಸುಮನೆತನದ ಕೆಲವರಿಗೆ ದಕ್ಕಿತು, ಬಡವರ ಹೆಣ್ಣುಮಕ್ಕಳಿಗೆ ದಕ್ಕಲಿಲ್ಲ.

ವಿದ್ಯಾರ್ಥಿಗಳೊಡನೆ ಗವಿಮಠದ ಬೆಟ್ಟವನ್ನೇರಿದಾಗ ನಾವು ಅವರಿಗೆ ಆ ಬಂಡೆಯ ಲಿಪಿಯನ್ನು ತೋರಿಸುತ್ತೇವೆ, ಕಾಲವನ್ನು ಹೇಳುತ್ತೇವೆ. ಇನ್ನು ಮುಂದೆ ಅದರಲ್ಲಿನ ಒಂದು ಸಂಗತಿಯನ್ನೂ ಅವರ ಗಮನಕ್ಕೆ ತರುವುದು ಒಳ್ಳೆಯದು. ತಾನು ಮೊದಲು ಅಷ್ಟಾಗಿ ಉತ್ಸಾಹ ತೋರಲಿಲ್ಲವೆಂದು ಒಬ್ಬ ಚಕ್ರವರ್ತಿಯು ಕಲ್ಲಿನಲ್ಲಿ ಒಪ್ಪಿಕೊಂಡಿದ್ದಾನೆ. ಅವನಿಗೆ ಎರಡೂವರೆ ವರ್ಷಗಳ ಅವಧಿಯು ಸಲ್ಲುವುದಾದರೆ, ನಮ್ಮ ಮನೆಯ ಮಕ್ಕಳಿಗೂ ಸ್ವಲ್ಪ ಕಾಲವನ್ನು ಕೊಡುವುದು ನ್ಯಾಯ.