ಕುದುರೆಯ ವಿದ್ಯೆ, ಧಾನ್ಯದ ಲೆಕ್ಕ: ಪ್ರಾಚೀನ ಚೀನದ ಉತ್ತರದ ಯುದ್ಧಗಳು

ಉತ್ತರದ ಹುಲ್ಲುಗಾವಲಿನ ಅಲೆಮಾರಿಗಳೊಡನೆ ಚೀನೀಯರು ನಡೆಸಿದ ಯುದ್ಧಗಳ ಚರಿತ್ರೆಯು ಒಂದು ಉಡುಪಿನ ವಿವಾದದಿಂದ ಮೊದಲಾಗುತ್ತದೆಂದರೆ ಅತಿಶಯೋಕ್ತಿಯಾಗಲಾರದು. ಕ್ರಿ.ಪೂ. 307ರಲ್ಲಿ ಝಾವೋ ರಾಜ್ಯದ ಅರಸ ವುಲಿಂಗನು, ತನ್ನ ಪ್ರಜೆಗಳು ನೆರೆಯ ಅಲೆಮಾರಿಗಳಂತೆ ಗಿಡ್ಡ ಅಂಗಿ ಇಜಾರಗಳನ್ನು ತೊಟ್ಟು, ಕುದುರೆಯ ಮೇಲಿನಿಂದಲೇ ಬಾಣಪ್ರಯೋಗ ಮಾಡುವುದನ್ನು ಕಲಿಯತಕ್ಕದ್ದೆಂದು ವಿಧಿಸಿದಾಗ, ಆಸ್ಥಾನಿಕರನ್ನು ಕೆರಳಿಸಿದ್ದು ರಥವನ್ನು ಬಿಡಬೇಕಾಯಿತೆಂಬ ವ್ಯಥೆಗಿಂತ ಹೆಚ್ಚಾಗಿ ಅನಾಗರಿಕರ ವೇಷವನ್ನು ಧರಿಸಬೇಕಾಯಿತೆಂಬ ಅವಮಾನ. ಅನಾರೋಗ್ಯದ ನೆಪ ಹೂಡಿ ಮನೆಯಲ್ಲೇ ಉಳಿದ ಚಿಕ್ಕಪ್ಪನನ್ನು ಒಡಂಬಡಿಸಲು ಅರಸನು ತಾನೇ ಆತನ ಮನೆಯ ಬಾಗಿಲಿಗೆ ಹೋಗಬೇಕಾಯಿತು.

ಅಶ್ವಾರೋಹಣವನ್ನು ಕಲಿತ ಮಾತ್ರಕ್ಕೆ ಹುಲ್ಲುಗಾವಲು ಸ್ವಾಧೀನವಾಗಲಿಲ್ಲ. ಚಿನ್ ಸಾಮ್ರಾಜ್ಯದ ಸೇನಾಪತಿ ಮೆಂಗ್ ತ್ಯೆನ್ ಹಳದಿ ನದಿಯ ಬಾಗಿನ ಪ್ರದೇಶವನ್ನು ಗೆದ್ದು, ಹಳೆಯ ಗೋಡೆಗಳನ್ನು ಒಂದರೊಡನೊಂದು ಜೋಡಿಸಿದನಾದರೂ, ಆ ಸಾಮ್ರಾಜ್ಯವು ಕುಸಿಯುತ್ತಿದ್ದಂತೆಯೇ ಷಿಯೊಂಗ್‌ನು ಎಂಬ ಅಲೆಮಾರಿ ಜನರ ನಾಯಕ ಮೋದುನ್ ಚದುರಿದ್ದ ಬಣಗಳನ್ನು ಒಂದುಗೂಡಿಸಿ, ಕಳೆದುಕೊಂಡ ನೆಲವನ್ನು ಮರಳಿ ಪಡೆದನು. ಕ್ರಿ.ಪೂ. 200ರ ಚಳಿಗಾಲದಲ್ಲಿ ಹಾನ್ ವಂಶದ ಸ್ಥಾಪಕ ಗಾವೋಜು ಚಕ್ರವರ್ತಿಯು, ಸೋತಂತೆ ನಟಿಸಿ ಹಿಂಜರಿಯುತ್ತಿದ್ದ ಆತನ ಬೆನ್ನಟ್ಟಿ, ಕಾಲ್ದಳವು ಇನ್ನೂ ಬಂದು ಸೇರುವುದಕ್ಕೆ ಮುಂಚೆಯೇ ಬಾಯ್‌ದೆಂಗ್ ಎಂಬ ದಿಬ್ಬದ ಬಳಿ ಸಿಕ್ಕಿಬಿದ್ದನು. ಪಶ್ಚಿಮಕ್ಕೆ ಬಿಳಿಯ ಕುದುರೆಗಳು, ಉತ್ತರಕ್ಕೆ ಕರಿಯವು, ಪೂರ್ವಕ್ಕೆ ಬೂದು, ದಕ್ಷಿಣಕ್ಕೆ ಕೆಂಪು, ಹೀಗೆ ನಾಲ್ಕು ದಿಕ್ಕಿಗೂ ಒಂದೊಂದು ಬಣ್ಣದ ಅಶ್ವದಳವಿತ್ತೆಂದು ಇತಿಹಾಸಕಾರ ಸಿಮಾ ಚ್ಯೆನ್ ವರ್ಣಿಸುತ್ತಾನೆ. ಚಕ್ರವರ್ತಿಯ ಸೈನಿಕರಲ್ಲಿ ಹತ್ತರಲ್ಲಿ ಇಬ್ಬರು ಮೂವರಿಗೆ ಕೊರೆಯುವ ಚಳಿಗೆ ಬೆರಳುಗಳೇ ಉದುರಿದವೆಂಬುದೂ ಅವನದೇ ವರದಿ. ಏಳು ದಿನಗಳ ಮುತ್ತಿಗೆಯಿಂದ ಹೇಗೋ ಪಾರಾಗಿ ಬಂದ ಚಕ್ರವರ್ತಿಯು ಅಲ್ಲಿಂದಾಚೆಗೆ ರಾಜವಂಶದ ಕನ್ಯೆಯೊಬ್ಬಳನ್ನೂ ವರ್ಷವರ್ಷವೂ ರೇಷ್ಮೆ, ಮದ್ಯ, ಧಾನ್ಯಗಳನ್ನೂ ಉತ್ತರಕ್ಕೆ ಕಳುಹಿಸಿ ಶಾಂತಿಯನ್ನು ಕೊಂಡುಕೊಂಡನು.

ಈ ಅವಮಾನದ ನೆರಳಿನಲ್ಲಿಯೇ ಯುದ್ಧವಿದ್ಯೆಯ ಕುರಿತು ಶಾಸ್ತ್ರೀಯವೆನ್ನಬಹುದಾದ ಚಿಂತನೆ ಹುಟ್ಟಿತು. ಕ್ರಿ.ಪೂ. 169ರಲ್ಲಿ ಚಾವೋ ಚ್ವೋ ಎಂಬ ಅಮಾತ್ಯನು ಸಲ್ಲಿಸಿದ ಬಿನ್ನಹದಲ್ಲಿ, ಏರುತಗ್ಗಿನ ಸವಾರಿಯಲ್ಲಿಯೂ ಹಸಿವು ನೀರಡಿಕೆಗಳ ಸಹನೆಯಲ್ಲಿಯೂ ಶತ್ರುವು ಮೇಲಾದರೆ, ಸಮನೆಲದಲ್ಲಿ ರಥ, ಯಂತ್ರಬಿಲ್ಲು, ಕವಚ, ಶಿಸ್ತಿನ ಪಂಕ್ತಿ ಇವುಗಳಿಂದ ತಮ್ಮವರು ಮೇಲೆಂದು ಗುಣಾವಗುಣಗಳ ತಾರತಮ್ಯವನ್ನು ಮಾಡಿದನು. ಗಡಿಯನ್ನು ಕಾಯಲು ಸರದಿಯ ಸಿಪಾಯಿಗಳಿಗಿಂತ ಮನೆ, ಬೀಜ, ನೇಗಿಲುಗಳೊಡನೆ ನೆಲೆಯೂರಿದ ಒಕ್ಕಲಿಗರೇ ಲೇಸೆಂಬ ಅವನ ಸಲಹೆಯು, ನನ್ನ ದೃಷ್ಟಿಯಲ್ಲಿ, ಮುಂದಿನ ಶತಮಾನದ ಎಲ್ಲ ವಿಜಯಗಳಿಗಿಂತ ದೊಡ್ಡದು.

ಆ ವಿಜಯಗಳೇನೋ ಉಜ್ಜ್ವಲವಾದವುಗಳೇ. ಹಾನ್ ವಂಶದ ವೂ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಪೂ. 119ರಲ್ಲಿ, ವೇ ಚಿಂಗ್ ಮತ್ತು ಹ್ವೋ ಚ್ಯೂಬಿಂಗ್ ಎಂಬ ಸೇನಾನಿಗಳು ತಲಾ 50,000 ಸವಾರರೊಡನೆ ಗೋಬಿ ಮರುಭೂಮಿಯನ್ನು ದಾಟಿ ಶತ್ರುವನ್ನು ಅವನ ನೆಲದಲ್ಲಿಯೇ ಮುರಿದರು. ಆದರೆ ಗಡಿಯನ್ನು ದಾಟಿಹೋದ 1,40,000 ಕುದುರೆಗಳಲ್ಲಿ ಹಿಂದಿರುಗಿದವು 30,000ಕ್ಕೂ ಕಡಮೆ. ಕುದುರೆಗಳ ಅಭಾವದಿಂದ ಮುಂದೆ ಬಹುಕಾಲ ಅಂಥ ದಂಡಯಾತ್ರೆಯೇ ಸಾಧ್ಯವಾಗಲಿಲ್ಲ. ಬರಿದಾದ ಬೊಕ್ಕಸವನ್ನು ತುಂಬಲು ಉಪ್ಪು ಮತ್ತು ಕಬ್ಬಿಣಗಳು ಸರ್ಕಾರದ ಏಕಸ್ವಾಮ್ಯವಾದವು.

ವಿದ್ಯೆಯು ಅಶ್ವಶಾಲೆಯಿಂದ ಕಣಜದ ಕಡೆಗೆ ತಿರುಗಿದ್ದು ಇಲ್ಲಿಂದ. ಪಶ್ಚಿಮದ ಚಿಯಾಂಗ್ ಜನರ ಮೇಲೆ ಹೋಗಿದ್ದ ವೃದ್ಧ ಸೇನಾಪತಿ ಝಾವೋ ಚೊಂಗ್‌ಗ್ವೋ ಕ್ರಿ.ಪೂ. 61ರಲ್ಲಿ ತನ್ನ ಸೇನೆಯ ಜನ ಜಾನುವಾರುಗಳಿಗೆ ತಿಂಗಳೊಂದಕ್ಕೆ 1,99,630 ಹೂ ಧಾನ್ಯವೂ 1,693 ಹೂ ಉಪ್ಪೂ ಬೇಕೆಂದು ಲೆಕ್ಕ ಒಪ್ಪಿಸಿ (ಒಂದು ಹೂ ಎಂದರೆ ಸುಮಾರು 20 ಲೀಟರು), ಅಶ್ವದಳವನ್ನು ಹಿಂದಕ್ಕೆ ಕರೆಸಿ ಕಾಲಾಳುಗಳನ್ನು ಉಳುಮೆಗೆ ಹಚ್ಚುವುದಕ್ಕೆ ಅಪ್ಪಣೆ ಬೇಡಿದನು. 1930ರಲ್ಲಿ ಉತ್ತರದ ಗಡಿಯ ಜೂಯಾನ್‌ನ ಮರಳಿನಲ್ಲಿ ದೊರೆತ ಹಾನ್ ಕಾಲದ ಸುಮಾರು 10,000 ಮರದ ಪಟ್ಟಿಗಳಲ್ಲಿ ಆ ಗಡಿಯ ದಿನಚರಿಯಿದೆ: ಯಾರಿಗೆ ಎಷ್ಟು ಪಡಿ ಅಳೆಯಲಾಯಿತು, ಯಾವ ಬಿಲ್ಲು ಮುರಿದಿದೆ, ಬೆಂಕಿಯ ಸಂಕೇತವು ಯಾವಾಗ ಕಂಡಿತು. ವೀರಗಾಥೆಯನ್ನು ನಿರೀಕ್ಷಿಸುವವರು ಅವನ್ನು ಓದದಿರುವುದು ವಾಸಿ.

ಷಿಯೊಂಗ್‌ನುಗಳ ಅಂತಃಕಲಹದ ಫಲವಾಗಿ ಹುಹಾನ್ಯೆ ಎಂಬ ನಾಯಕನು ಕ್ರಿ.ಪೂ. 51ರಲ್ಲಿ ಹಾನ್ ರಾಜಧಾನಿ ಚಾಂಗ್‌ಆನ್‌ಗೆ ತಾನಾಗಿ ಬಂದು ಶರಣಾದಾಗ, ಅವನ ಜನರ ಪೋಷಣೆಗೆಂದು ಗಡಿಯ ಕಣಜಗಳಿಂದ 34,000 ಹೂ ಧಾನ್ಯವು ಉತ್ತರಕ್ಕೆ ಸಾಗಿತು. ಈ ಸೌಹಾರ್ದವನ್ನು ಕೆಡಿಸಿದವನು ಹಾನ್ ಸಿಂಹಾಸನವನ್ನು ಅಪಹರಿಸಿದ ವಾಂಗ್ ಮಾಂಗ್. ಅವನು ಷಿಯೊಂಗ್‌ನು ಅರಸನ ರಾಜಮುದ್ರೆಯನ್ನು ಕಸಿದು ಕೆಳದರ್ಜೆಯದೊಂದನ್ನು ಕೊಟ್ಟು, ಬಳಿಕ 3,00,000 ಜನರಿಗೆ 300 ದಿನಗಳ ಆಹಾರವನ್ನು ಕೂಡಿಟ್ಟು ದಂಡೆತ್ತಿ ಹೋಗಲು ಯೋಚಿಸಿದನು. ಆಗ ಯಾನ್ ಯೂ ಎಂಬ ಸೇನಾಪತಿಯು ಬರೆದ ಬಿನ್ನಹವೇ ಈ ವಿಷಯದ ಮೊದಲ ಸಮೀಕ್ಷೆಯೆಂದು ನಾನು ಭಾವಿಸುತ್ತೇನೆ. ಹಿಂದಿನವರಲ್ಲಿ ಝೋ ವಂಶದವರದು ಮಧ್ಯಮ ನೀತಿ, ಹಾನರದು ಅಧಮ, ಚಿನ್ ವಂಶದವರಿಗೆ ನೀತಿಯೇ ಇರಲಿಲ್ಲವೆಂದು ತೀರ್ಪು ಕೊಟ್ಟು, ಆತನು ಲೆಕ್ಕಕ್ಕೆ ಇಳಿಯುತ್ತಾನೆ: ಒಬ್ಬ ಸೈನಿಕನ 300 ದಿನಗಳ ಒಣ ಆಹಾರ 18 ಹೂ, ಅದನ್ನು ಹೊರಲು ಎತ್ತೇ ಬೇಕು, ಎತ್ತಿನ ಮೇವಿಗೆ ಇನ್ನೂ 20 ಹೂ, ಉಪ್ಪುಮರಳಿನ ಆ ನೆಲದಲ್ಲಿ ನೀರು ಹುಲ್ಲುಗಳಿಲ್ಲದೆ ನೂರು ದಿನ ತುಂಬುವುದರೊಳಗೆ ಎತ್ತುಗಳೆಲ್ಲ ಸತ್ತಿರುತ್ತವೆ, ಉಳಿದ ಧಾನ್ಯವನ್ನು ಮನುಷ್ಯನು ಹೊರಲಾರ. ವಾಂಗ್ ಮಾಂಗ್ ಕಿವಿಗೊಡಲಿಲ್ಲ; ಸೈನ್ಯವೂ ಧಾನ್ಯವೂ ಮೊದಲಿನಂತೆಯೇ ಗಡಿಯತ್ತ ಸಾಗುತ್ತಲೇ ಇದ್ದವು.